ಬಗ್ಗಿದವರ ಜೇಬು ಬರಿದು

ಜಪಾನಿನ ಸಣ್ಣ ಊರುಗಳ ಜಾನಪದ ಸಂಗ್ರಹಾಲಯಕ್ಕೆ ನಮ್ಮ ಕಡೆಯ ಹಿರಿಯರನ್ನು ಕರೆದೊಯ್ಯುವವರು ಮೊದಲು ಅವರ ಅಂಗಿಯ ಜೇಬನ್ನು ಖಾಲಿ ಮಾಡಿಸಬೇಕು. ನನ್ನ ಮಾವನವರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ಎದೆಯ ಜೇಬೆಂದರೆ ಒಂದು ಶಾಖಾ ಕಚೇರಿ: ಕನ್ನಡಕ, ಪೆನ್ನುಗಳು, ಮಾತ್ರೆಯ ಪಟ್ಟಿ, ಅಡಿಕೆಪುಡಿಯ ಡಬ್ಬಿ.

ಇವಾಟೆ ಪ್ರಾಂತ್ಯದ ತೋನೊದಲ್ಲಿ ಸಂಗ್ರಹಾಲಯವೊಂದರ ಬಾಗಿಲಲ್ಲಿ ಟಿಕೆಟ್ ಕೊಡುವ ಅಜ್ಜಿ ಸೊಂಟ ಬಗ್ಗಿಸಿ ವಂದಿಸಿದರು. ಮಾವನವರು ಕೈಮುಗಿದು ಬಗ್ಗಿದರು. ಅಜ್ಜಿ ಇನ್ನಷ್ಟು ಬಗ್ಗಿದರು. ಮರ್ಯಾದೆಯ ವಿಷಯದಲ್ಲಿ ಸೋಲುವ ಜಾಯಮಾನ ಮಾವನವರದಲ್ಲ. ಮುಂದಿನ ಸುತ್ತಿಗೆ ಶಾಖಾ ಕಚೇರಿ ಇಡಿಯಾಗಿ ನೆಲಕ್ಕೆ ಬಂತು. ಅಡಿಕೆಯ ಚೂರುಗಳನ್ನು ಅಜ್ಜಿ ಒಂದೊಂದಾಗಿ ಕಾಗದದ ಮೇಲೆ ಆರಿಸಿಟ್ಟು, ಎರಡೂ ಕೈಗಳಲ್ಲಿ ಹಿಡಿದು ಹಿಂದಿರುಗಿಸಿದರು. ಅದಕ್ಕೆ ಮಾವನವರು ಮತ್ತೆ ಬಗ್ಗಲು ಹೊರಟಾಗ ನಾನು ಜೇಬನ್ನು ಹಿಡಿದುಕೊಂಡೆ.

ಒಳಗೆ ಮನುಷ್ಯರೂ ಕುದುರೆಗಳೂ ಒಂದೇ ಸೂರಿನಡಿ ಬಾಳುತ್ತಿದ್ದ ಎಲ್ ಆಕಾರದ ಮನೆ ‘ಮಗಾರಿಯಾ’ದ ಮಾದರಿ ಇತ್ತು. ಪಕ್ಕದಲ್ಲಿ ಬಟ್ಟೆ ತೊಟ್ಟ ಹಿಪ್ಪುನೇರಳೆ ಕೋಲುಗಳು, ಒಂದಕ್ಕೆ ಹುಡುಗಿಯ ಮುಖ, ಇನ್ನೊಂದಕ್ಕೆ ಕುದುರೆಯದು. ಇವು ಒಶಿರಾಸಾಮ ಎಂಬ ಮನೆದೇವರು. ರೈತನ ಮಗಳು ಕುದುರೆಯನ್ನೇ ಮದುವೆಯಾದಳಂತೆ. ತಂದೆ ಸಿಟ್ಟಿನಿಂದ ಅದನ್ನು ಹಿಪ್ಪುನೇರಳೆ ಮರಕ್ಕೆ ನೇತುಹಾಕಿ ಕೊಂದನಂತೆ. ಕಥೆ ಕೇಳಿದ ಮಾವನವರು ಕುದುರೆಯ ಮುಖ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಆ ತಂದೆಯ ಹೇಳಿಕೆ ಎಲ್ಲೂ ದಾಖಲಾಗಿಲ್ಲವಲ್ಲ” ಎಂದು ಮುಂದಕ್ಕೆ ನಡೆದರು.

ಅವರ ಮನಸ್ಸು ಗೆದ್ದದ್ದು ಕಪ್ಪಾ. ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯ ಮೇಲೆ ನೀರಿನ ತಟ್ಟೆ ಇರುವ ಹೊಳೆಯ ಪಿಶಾಚಿ. 1910ರಲ್ಲಿ ಯಾನಗಿತಾ ಕುನಿಯೊ ಈ ಊರಿನ ಕಥೆಗಳನ್ನು ಪುಸ್ತಕವಾಗಿಸಿದಾಗಲೇ, ಇಲ್ಲಿಯ ಕಪ್ಪಾದ ಮುಖ ಕೆಂಪು ಎಂದು ದಾಖಲಾಗಿದೆ. ಅದರ ಬಲವೆಲ್ಲ ಆ ತಟ್ಟೆಯ ನೀರಿನಲ್ಲಿ. ಆದರೆ ಪಾಪ, ಬಹಳ ಮರ್ಯಾದಸ್ಥ. ನೀವು ಬಗ್ಗಿ ವಂದಿಸಿದರೆ ಅದೂ ಬಗ್ಗುತ್ತದೆ, ನೀರು ಚೆಲ್ಲುತ್ತದೆ, ಅಲ್ಲಿಗೆ ಅದರ ಆಟ ಮುಗಿಯಿತು. “ನನ್ನ ಜಾತಕವೇ” ಎಂದು ಮಾವನವರು ಜೇಬು ಮುಟ್ಟಿ ನೋಡಿಕೊಂಡರು.

ಊರಿನ ಪ್ರವಾಸೋದ್ಯಮ ಸಂಘ ಕಪ್ಪಾ ಹಿಡಿಯಲು ಪರವಾನಗಿಯನ್ನೇ ಮಾರುತ್ತದೆ. ಅದಕ್ಕೆ 7 ಷರತ್ತುಗಳು. ಜೋಕೆಂಜಿ ದೇವಾಲಯದ ಹಿಂದಿನ ಕಪ್ಪಾಬುಚಿ ಮಡುವಿನ ದಂಡೆಯಲ್ಲಿ ಕೂತು ಮಾವನವರು ನನ್ನಿಂದ ಅವನ್ನು ಓದಿಸಿದರು. ಜೀವಂತ ಹಿಡಿಯಬೇಕು, ಇದೇ ಮಡುವಿನಲ್ಲಿ ಹಿಡಿಯಬೇಕು, ಲೋಹದ ಸಲಕರಣೆ ಬಳಸಬಾರದು, ತಾಜಾ ತರಕಾರಿಯನ್ನೇ ಒಡ್ಡಬೇಕು, ತಟ್ಟೆಯ ನೀರು ಚೆಲ್ಲಬಾರದು.

“ನಿಲ್ಲಿ ಅಳಿಯಂದಿರೇ. ನೀರು ಚೆಲ್ಲಿದರೆ ಮಾತ್ರ ಅದು ಸಿಗುತ್ತದೆ, ನೀರು ಚೆಲ್ಲಿದರೆ ಪರವಾನಗಿ ರದ್ದು. ಅಲ್ಲವೇ?”

ಹೌದೆಂದೆ.

“ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು. ಇದರ ಕರಡು ಬರೆದವನು ನಮ್ಮ ಇಲಾಖೆಯಲ್ಲಿರಬೇಕಿತ್ತು!” ಎಂದು ಮೆಚ್ಚಿ, ಕಪ್ಪಾಕ್ಕೆಂದು ಕೊಂಡಿದ್ದ ಸೌತೆಕಾಯಿಯ ತುದಿ ಮುರಿದು, ಕಹಿ ಹೋಗಲೆಂದು ಚೆನ್ನಾಗಿ ಉಜ್ಜಿ, ತಾವೇ ತಿಂದು ಮುಗಿಸಿದರು.