ನನ್ನ ಮಾಂತ್ರಿಕ ಬದುಕಿದ್ದು 11 ನಿಮಿಷ

ನನ್ನ ಮಾಂತ್ರಿಕನ ಹೆಸರು ಅಗ್ನಿಶೇಖರ. ಗೆಳೆಯರು ವಾರ ವಾರ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ನಡೆಸುವ ಆಟದಲ್ಲಿ ಅವನು ನನ್ನ ಪಾತ್ರ. ಅವನಿಗೊಂದು ಕಥೆ ಇತ್ತು, ನಾಲ್ಕು ಪುಟದ ಕಥೆ. ಹುಟ್ಟಿದ ಊರು ಸುಟ್ಟುಹೋಗಿತ್ತು, ಗುರು ಮೋಸ ಮಾಡಿದ್ದ, ಎಡ ಅಂಗೈಯಲ್ಲಿ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಏನೋ ಬರೆದಿತ್ತು. ಅದೇನು ಅಂತ ಹತ್ತನೇ ವಾರದ ಹೊತ್ತಿಗೆ ಗೊತ್ತಾಗಿ ಎಲ್ಲರೂ ದಂಗಾಗಬೇಕು ಅನ್ನೋದು ನನ್ನ ಪ್ಲಾನು. ಆಟ ಶುರುವಾಗಿ 11ನೇ ನಿಮಿಷಕ್ಕೆ ಅವನನ್ನು ಇಲಿ ಕಚ್ಚಿತು. ಸತ್ತ.

ದೊಡ್ಡ ಇಲಿ ಅಂತ ಆಟದ ಪುಸ್ತಕದಲ್ಲಿದೆ, ಅದೊಂದೇ ಸಮಾಧಾನ.

ತಪ್ಪು ನನ್ನದೇ ಬಿಡಿ. ನಾನು ಆಡಿ ಕಲಿತಿದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಇಂಥ ಆಟದ ಐದನೇ ಆವೃತ್ತಿ, 2014ರಲ್ಲಿ ಬಂದಿದ್ದು. ಅದರಲ್ಲಿ ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವದ ಲೆಕ್ಕ, ಸೊನ್ನೆಗೆ ಇಳಿದರೆ ಸಾಮಾನ್ಯವಾಗಿ ಪಾತ್ರ ಸಾಯೋದಿಲ್ಲ, ಸುಮ್ನೆ ನೆಲಕ್ಕೆ ಬೀಳುತ್ತದೆ. ಆಮೇಲೆ ದಾಳ ಹಾಕಬೇಕು, ಮೂರು ಸಲ ಸೋತರೆ ಸಾವು, ಅಷ್ಟರೊಳಗೆ ಯಾರಾದರೂ ಬಂದು ಮಂತ್ರ ಹಾಕಿ ಎಬ್ಬಿಸುತ್ತಾರೆ. ಈಗ ಆಡಲು ಕೂತಿದ್ದು ಅದರ ಹಳೇ ಕಾಲದ ನಿಯಮದಲ್ಲಿ. ಆ ಹಳೇ ಆಟದಲ್ಲಿ ಸೊನ್ನೆ ಅಂದರೆ ಮುಗೀತು. ಮಾಂತ್ರಿಕನ ಹಿಟ್ ಪಾಯಿಂಟ್‌ಗೆ ಹಾಕೋದು ನಾಲ್ಕು ಮುಖದ ದಾಳ. ನನಗೆ 1 ಬಿತ್ತು. ಶಕ್ತಿ, ಬುದ್ಧಿ ಎಲ್ಲಕ್ಕೂ ಮೂರು ದಾಳ ಹಾಕಿ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳಬೇಕು, ಹಾಗಾಗಿ ನನ್ನ ಮಹಾ ಮೇಧಾವಿ ಮಾಂತ್ರಿಕನ ಬುದ್ಧಿ 9, ಅಂದರೆ ನಿಮ್ಮ ನಮ್ಮಷ್ಟೇ. ದಿನಕ್ಕೆ ಒಂದೇ ಮಂತ್ರ. ಎದುರಿಗಿದ್ದವರನ್ನು ಗುಂಪುಗುಂಪಾಗಿ ಮಲಗಿಸುವ ನಿದ್ರೆಯ ಮಂತ್ರ ತಗೋ ಅಂತ ಪಕ್ಕದಲ್ಲಿದ್ದವರೆಲ್ಲ ಹೇಳಿದರು. ನಾನು ಗೊತ್ತಿಲ್ಲದ ಭಾಷೆ ಓದುವ ಮಂತ್ರ ತಗೊಂಡೆ. ಅಂಗೈ ಇತ್ತಲ್ಲ!

"ಅವನ ಕಥೆ ಓದಿದ್ಯಾ?" ಅಂತ ಆಟ ನಡೆಸುತ್ತಿದ್ದ ಗೆಳೆಯನನ್ನು ಕೇಳಿದೆ.

"ಮೂರನೇ ಲೆವೆಲ್‌ವರೆಗೆ ಬದುಕಿದ್ರೆ ಓದೋಣ ಅಂತಿದ್ದೆ" ಅಂದ. ಆಮೇಲೆ ಆ ನಾಲ್ಕು ಪುಟವನ್ನು ಮಡಚಿ ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟ. ಅಳತೆ ಮಾಡಿ ಬರೆದ ಹಾಗೆ ಸರಿಯಾಗಿ ಕೂತಿತು.

ನಾನು ಯಾಕೆ ಮೋಸ ಹೋದೆ ಅಂತ ಸ್ವಲ್ಪ ಹೇಳಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ 1974ರದ್ದು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ್ದು. ಒಂದು ಡಬ್ಬಿ, ಒಳಗೆ ಮೂರು ತೆಳ್ಳನೆಯ ಪುಸ್ತಕ, ಅದನ್ನು ಓದಿ ಆಟ ಅರ್ಥ ಮಾಡಿಕೊಂಡವರಿಗೆ ಅಲ್ಲೇ ಒಂದು ಲೆವೆಲ್ ಕೊಡಬೇಕಿತ್ತು. 1981ರಲ್ಲಿ ಅದನ್ನು ತಿದ್ದಿ, ಹೊಸಬರಿಗೂ ತಿಳಿಯುವ ಹಾಗೆ ತಂದರು. ವರ್ಷ ಕಳೆದಂತೆ ಹೊಸ ಹೊಸ ಆವೃತ್ತಿ ಬಂದವು, ಹಳೇದು ಅಂಗಡಿಯಿಂದ ಮಾಯವಾಯಿತು. 2000ದಲ್ಲಿ ಮೂರನೇ ಆವೃತ್ತಿಯ ಜೊತೆಗೆ ಆಟದ ಕಂಪನಿಯೇ, ಬೇರೆಯವರೂ ಇದನ್ನು ಬಳಸಿಕೊಳ್ಳಬಹುದು ಅಂತ, ಒಂದು ಮುಕ್ತ ಲೈಸೆನ್ಸ್ ಕೊಟ್ಟಿತು. ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ಮಾತಿಗೆ ಮಾತ್ರ ಇದೆ. ಹಳೇ ಆಟದ ಮೇಲೆ ಪ್ರಾಣ ಇಟ್ಟುಕೊಂಡಿದ್ದವರಿಗೆ ಅಷ್ಟು ಸಾಕಾಯಿತು. ನಿಯಮ ಅದೇ, ಮಾತು ತಮ್ಮದು ಅಂತ ಬರೆಯುತ್ತಾ ಕೂತರು. ಹಾಗೆ ಬಂದವು 2006ರಲ್ಲಿ ಓಸ್ರಿಕ್, 2007ರಲ್ಲಿ ಲ್ಯಾಬಿರಿಂತ್ ಲಾರ್ಡ್, 2008ರಲ್ಲಿ ಸ್ವೋರ್ಡ್ಸ್ ಅಂಡ್ ವಿಝರ್ಡ್ರಿ.

ನಾನು ಕೊಂಡಿದ್ದು 2019ರ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್. 1981ರ ಅದೇ ಆಟ, ಆದರೆ ಎಷ್ಟು ನೀಟಾಗಿದೆ ಅಂದರೆ ಯಾವುದನ್ನೂ ಹುಡುಕಬೇಕಾಗಿಲ್ಲ, ಒಂದು ವಿಷಯ ತೆರೆದ ಎರಡು ಪುಟದೊಳಗೇ ಮುಗಿಯುತ್ತದೆ. ಪುಸ್ತಕವೇ ಇಷ್ಟು ಅಚ್ಚುಕಟ್ಟಾಗಿದ್ದರೆ ಒಳಗಿನ ಆಟವೂ ಮೆತ್ತಗಾಗಿರುತ್ತದೆ ಅಂದುಕೊಂಡೆ. ಇಲ್ಲ. ಸಾಯುವ ನಿಯಮ ಬೇಗ ಸಿಗುತ್ತದೆ, ಅಷ್ಟೇ.

ಎರಡನೆಯವನು ಕಳ್ಳ. ಕಥೆ ಅರ್ಧ ಪುಟ. ಒಂದನೇ ಲೆವೆಲ್ ಕಳ್ಳನಿಗೆ ಬೀಗ ತೆಗೆಯಲು 15 ಪರ್ಸೆಂಟ್, ಬಲೆ ಅಥವಾ ಮೋಸದ ಕೀಲು ಪತ್ತೆ ಹಚ್ಚಲು 10 ಪರ್ಸೆಂಟ್. ಕದಿಯಲು ಬಾರದ ಕಳ್ಳ. ಆದರೆ ಗೋಡೆ ಹತ್ತಲು ಮಾತ್ರ 87! ಹಾಗಾಗಿ ನಾನು ಎಲ್ಲಾ ಸಮಸ್ಯೆಗೂ ಗೋಡೆ ಹತ್ತಿದೆ. ಬಾಗಿಲಿಗೆ ಬೀಗ ಇದೆಯಾ, ಗೋಡೆ ಹತ್ತುತ್ತೇನೆ. ಗಾಬ್ಲಿನ್ ಬಂತಾ, ಗೋಡೆ ಹತ್ತುತ್ತೇನೆ. ಪೆಟ್ಟಿಗೆ ಸಿಕ್ಕಾಗ ಮಾತ್ರ ಹತ್ತಲು ಏನೂ ಇರಲಿಲ್ಲ. ಕೀಲು ಇದೆಯಾ ಅಂತ ನೋಡಲು ದಾಳ ಹಾಕಿದೆ, ಏನೂ ಕಾಣಲಿಲ್ಲ, ಮುಚ್ಚಳಕ್ಕೆ ಕೈ ಹಾಕಿದೆ, ವಿಷದ ಸೂಜಿ ಚುಚ್ಚಿತು. ಉಳಿಯಬೇಕಾದರೆ ಕಡಿಮೆ ಅಂದರೂ 13 ಬೀಳಬೇಕು. 12 ಬಿತ್ತು. ಮೇಜು ಒಂದು ಚೂರು ಅಲುಗಾಡಿದ್ದರೂ ದಾಳ ಇನ್ನೊಂದು ಸುತ್ತು ಉರುಳುತ್ತಿತ್ತೇನೋ, ಆದರೆ ಅಗ್ನಿಶೇಖರನ ದಯೆಯಿಂದ ಮೇಜು ಬಂಡೆಯ ಹಾಗೆ ನಿಂತಿತ್ತು.

"ಕೈ ಯಾಕೆ ಹಾಕ್ದೆ? ದೂರದಿಂದ ಕೋಲಲ್ಲಿ ಎತ್ತುತೀನಿ ಅಂದಿದ್ರೆ ಸಾಕಿತ್ತಲ್ಲೋ" ಅಂದ ಗೆಳೆಯ.

ಹೌದಾ? ಹಾಗಾದರೆ ಮೂರನೆಯವನಿಗೆ ಮೊದಲು ಕೊಂಡಿದ್ದೇ ಹತ್ತು ಅಡಿ ಕೋಲು. ಒಂದು ಚಿನ್ನದ ನಾಣ್ಯ. ಅವನು ಯೋಧ, ಹೆಸರು ಕೋಲಯ್ಯ, ಕಥೆ ಒಂದು ಸಾಲು. ಹೆಜ್ಜೆ ಹೆಜ್ಜೆಗೂ ನೆಲ ಕುಟ್ಟಿಕೊಂಡು ಹೊರಟೆವು. ಸುರುಳಿ ಮೆಟ್ಟಿಲು ಬಂತು. ಹತ್ತು ಅಡಿ ಕೋಲು ಸುರುಳಿ ಮೆಟ್ಟಿಲಲ್ಲಿ ತಿರುಗುತ್ತದಾ? ಇದರ ಬಗ್ಗೆ 20 ನಿಮಿಷ ವಾದ ನಡೆಯಿತು. ಒಬ್ಬರು ಚೌಕುಳಿ ಹಾಳೆಯ ಮೇಲೆ ಮೆಟ್ಟಿಲು ಬರೆದು ಬೆಂಕಿಕಡ್ಡಿ ಇಟ್ಟು ತಿರುಗಿಸಿ ತೋರಿಸಿದರು. ಕಡ್ಡಿ ಮುರಿಯಿತು. ಇಷ್ಟರಲ್ಲಿ ಗೆಳೆಯ ತಣ್ಣಗೆ ಕೇಳಿದ, "ಎರಡೂ ಕೈಯಲ್ಲಿ ಕೋಲು ಹಿಡ್ಕೊಂಡಿದೀಯ. ಪಂಜು ಯಾವ ಕೈಯಲ್ಲಿದೆ?"

(ಇದರ ಮಧ್ಯೆ ಆರ್ಮರ್ ಕ್ಲಾಸ್ ಲೆಕ್ಕ ಬೇರೆ, ಅಂದರೆ ಪಾತ್ರಕ್ಕೆ ಏಟು ತಾಗಿಸೋದು ಎಷ್ಟು ಕಷ್ಟ ಅನ್ನುವ ಅಂಕಿ. ಹಳೇ ಪದ್ಧತಿಯಲ್ಲಿ ಕವಚ ಗಟ್ಟಿಯಾದಷ್ಟೂ ಅಂಕಿ ಕಮ್ಮಿ, ಬರಿಮೈಗೆ 9, ಉಕ್ಕಿನ ಕವಚಕ್ಕೆ 3. ಉಲ್ಟಾ ಲೆಕ್ಕ ಬೇಡ ಅನ್ನುವವರಿಗೆ ಸುಲಭದ ಅಂಕಿಯನ್ನೂ ಪುಸ್ತಕ ಪಕ್ಕದಲ್ಲೇ ಕೊಟ್ಟಿದೆ. ನಮ್ಮಲ್ಲಿ ಇಬ್ಬರು ಇದನ್ನು, ಇಬ್ಬರು ಅದನ್ನು ಬರೆದುಕೊಂಡಿದ್ದೆವು. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ.)

ಕೋಲಯ್ಯ ಹೋದದ್ದು ಹೀಗೆ. ಕೋಲಿನಿಂದ ಕುಟ್ಟಿದೆ, ನೆಲ ಗಟ್ಟಿ. ಕಾಲಿಟ್ಟೆ, ಗುಂಡಿ. ಇದು ಅನ್ಯಾಯ ಅಂತ ಕೂಗಿದೆ. ಗೆಳೆಯ ಪುಸ್ತಕ ತೆಗೆದು ತೋರಿಸಿದ. ಕೀಲು ಪ್ರತಿ ಸಲ ಕೆಲಸ ಮಾಡಲೇಬೇಕು ಅಂತಿಲ್ಲ, ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಕೋಲಿಗೆ 5 ಬಿತ್ತು, ನನಗೆ 2. ಎಷ್ಟು ಬೇಗ ಸಿಕ್ಕಿತು ಅಂತೀರಿ ಆ ಪುಟ! ಹತ್ತು ಅಡಿ ಬಿದ್ದರೆ ಒಂದು ದಾಳ ಪೆಟ್ಟು, 6 ಬಿತ್ತು, ಕೋಲಯ್ಯನ ಹತ್ತಿರ ಇದ್ದಿದ್ದು 5. ಕೋಲು ಮಾತ್ರ ಗುಂಡಿಗೆ ಅಡ್ಡ ಕೂತಿತು. ಅದಕ್ಕೇನೂ ಆಗಲಿಲ್ಲ.

ಬೇಜಾರಾಗಿ ಬೇರೆ ಆಟ ಹಿಡಿಯೋಣ ಅಂದೆ. 2023ರ ಶ್ಯಾಡೋಡಾರ್ಕ್ ತಂದರು. ಇದರ ನಿಯಮ ಹೊಸ ಕಾಲದ್ದು, ನಾನು ಕಲಿತ ಆಟಕ್ಕೆ ಹತ್ತಿರದ್ದು, ಓದಿ ಸಮಾಧಾನವೂ ಆಯಿತು, ಆದರೆ ಪಂಜು ಉರಿಯುವುದು ನಿಜವಾದ ಒಂದು ಗಂಟೆ. ಗಡಿಯಾರದ ಗಂಟೆ. ಮೊಬೈಲಿನಲ್ಲಿ ಟೈಮರ್ ಇಟ್ಟು ಮೇಜಿನ ಮಧ್ಯೆ ಇಟ್ಟರು. ನಾವು ಮೊದಲ ಕವಲಿನಲ್ಲಿ ಎಡಕ್ಕೋ ಬಲಕ್ಕೋ ಅಂತ ಚರ್ಚೆ ಮಾಡಿದೆವು. ಸಿಗದ ನಿಧಿಯನ್ನು ನಾಲ್ಕು ಪಾಲು ಮಾಡಿದೆವು, ಒಬ್ಬರಿಗೆ ಕಮ್ಮಿಯಾಯಿತು, ಮತ್ತೆ ಮಾಡಿದೆವು. ಬಾಗಿಲು ಯಾರು ತಳ್ಳಬೇಕು ಅನ್ನೋದೇ ಒಂದು ದೊಡ್ಡ ಪಂಚಾಯ್ತಿ. ಟೈಮರ್ ಹೊಡೆಯಿತು. ಎಲ್ಲರೂ ಗಪ್‌ಚುಪ್.

"ಕತ್ತಲು. ಇನ್ನೊಂದು ಪಂಜು ಯಾರ ಹತ್ರ ಇದೆ?"

ಮೂವರೂ ನನ್ನ ಕಡೆ ನೋಡಿದರು. ಪಂಜು ನಾನು ತಗೋತೀನಿ ಅಂತ ನಾನೇ ಹೇಳಿದ್ದೆನಂತೆ. ನನ್ನ ಹಾಳೆ ನೋಡಿಕೊಂಡೆ. ಹಗ್ಗ ಇತ್ತು. ಕೋಲು ಇತ್ತು.

"ಕೋಲಿಂದ ಮುಂದೆ ತಡವುತ್ತೀನಿ" ಅಂದೆ.

"ಏನಕ್ಕೋ ತಾಗ್ತು" ಅಂದ ಗೆಳೆಯ. "ಮೆತ್ತಗಿದೆ. ಉಸಿರಾಡ್ತಿದೆ."

ನಾನು ಏನೂ ಮಾತಾಡಲಿಲ್ಲ. ಪಕ್ಕದ ಕಟ್ಟಿನಿಂದ ಒಂದು ಖಾಲಿ ಹಾಳೆ ಎಳೆದುಕೊಂಡು, ಮೂರು ದಾಳ ಕೈಗೆ ತಗೊಂಡೆ.