ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮೂರೂವರೆ ಗಂಟೆಯಲ್ಲ

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಬೆಂಗಳೂರಲ್ಲಿ ಮಧ್ಯಾಹ್ನ 2ಕ್ಕೆ ಹತ್ತಿದರೆ ಅದೇ ದಿನ ಸಂಜೆ 5.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ಭೂಮಿ ತಿರುಗುವುದರಿಂದ ಊರೇ ವಿಮಾನದ ಹತ್ತಿರ ಬರುತ್ತದೆ.'

ಇದು ತಪ್ಪು. ಗಡಿಯಾರದಲ್ಲಿ ಹಾಗೆ ಕಾಣುವುದು ನಿಜ. ಆದರೆ ಬೇಸಿಗೆಯಲ್ಲಿ ಅಲ್ಲಿನ ಸಮಯ ನಮಗಿಂತ 12.30 ಗಂಟೆ ಹಿಂದೆ ಇರುತ್ತದೆ, ಚಳಿಗಾಲದಲ್ಲಿ 13.30 ಗಂಟೆ. ಮೂರೂವರೆಗೆ ಆ ಹನ್ನೆರಡೂವರೆ ಸೇರಿಸಿ. ಒಟ್ಟು 16 ಗಂಟೆ ಸೀಟಿನಲ್ಲಿ ಕೂತಿರಬೇಕು. ಇನ್ನು ಭೂಮಿ ತಿರುಗುವಾಗ ಗಾಳಿಯೂ ಅದರ ಜೊತೆಗೇ ತಿರುಗುತ್ತದೆ, ವಿಮಾನವೂ ಆ ಗಾಳಿಯಲ್ಲೇ ಇರುತ್ತದೆ. ಊರು ತಾನಾಗಿ ಹತ್ತಿರ ಬರುವುದಿಲ್ಲ. ಹೋಗುವಾಗ, ಬರುವಾಗ ಸಮಯ ಬೇರೆಯಾಗಲು ಮುಖ್ಯ ಕಾರಣ ಮೇಲೆ ಬೀಸುವ ಜೋರು ಗಾಳಿ.

ದೂರ ಸುಮಾರು 14,000 ಕಿ.ಮೀ. 'ಉತ್ತರಕ್ಕೆ ಸುಮ್ನೆ ಸುತ್ತುತ್ತಾರೆ' ಅಂತಲೂ ಆ ಮೆಸೇಜಲ್ಲಿದೆ. ಒಂದು ಗ್ಲೋಬ್ ತಗೊಂಡು ಎರಡೂ ಊರಿನ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗೇ ಉತ್ತರ ಧ್ರುವದ ಕಡೆ ಜಾರುತ್ತದೆ. ಗೋಡೆಯ ನಕ್ಷೆಯ ನೇರ ಗೆರೆ ಹಿಡಿದು ಹೋದರೆ 16,000 ಕಿ.ಮೀ.ಗೂ ಜಾಸ್ತಿ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಬೆಂಗಳೂರಿಗೆ ಬಂದದ್ದು ಧ್ರುವದ ದಾರಿಯಲ್ಲೇ, ಸುಮಾರು 17 ಗಂಟೆಯಲ್ಲಿ.

ಇಷ್ಟು ಹೇಳಲು ಕಾರಣವಿದೆ. ಮಗಳ ಮನೆಗೆ ಹೊರಟ ನಮ್ಮ ಚಿಕ್ಕಮ್ಮ ಈ ಮೆಸೇಜ್ ನಂಬಿ ಸಕ್ಕರೆ ಕಾಯಿಲೆ ಮಾತ್ರೆಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿದ್ದರು. ಮಾತ್ರೆ ಕೈಚೀಲದಲ್ಲೇ ಇರಲಿ. ಯಾವಾಗ ತಗೋಬೇಕು ಅಂತ ಹೊರಡುವ ಮುಂಚೆ ಡಾಕ್ಟರನ್ನು ಕೇಳಿಕೊಳ್ಳಿ.