ಬಣ್ಣ ಯಾವುದು ಬೇಕು ಸರ್?

ಲ್ಯಾಪ್‌ಟಾಪಿಗೂ ಬುದ್ಧಿ ಬಂದ ಸುದ್ದಿ ನಿಮಗೆ ಹಳೆಯದು. 1994ರಲ್ಲಿ ಕೀಲಿಮಣೆಗೆ ವಿಂಡೋಸ್ ಗುಂಡಿ ಬಂದಿತ್ತು. ಮೂವತ್ತು ವರ್ಷ ಯೋಚಿಸಿ, 2024ರಲ್ಲಿ ಮೈಕ್ರೋಸಾಫ್ಟಿನವರು ಕೋಪೈಲಟ್ ಎಂಬ ಇನ್ನೊಂದು ಗುಂಡಿಯನ್ನು ದಯಪಾಲಿಸಿದರು. ಒತ್ತಿದರೆ ಕೃತಕ ಬುದ್ಧಿಯ ಸಹಾಯಕ ಓಡಿ ಬರುತ್ತಾನಂತೆ. ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಅವನೂ ನಮ್ಮ ಲೈನ್‌ಮನ್ನನ ಹಾಗೆಯೇ, ತಂತಿಯ ಮೇಲೆ ಬಿದ್ದ ಮರ ತೆಗೆದ ಮೇಲೆ ಬರುತ್ತಾನೆ.

ಅಕ್ಕನ ಮಗಳಿಗೆ ಲ್ಯಾಪ್‌ಟಾಪ್ ಬೇಕಿತ್ತು. ಕಾಲೇಜಿನ ಬರವಣಿಗೆ, ಅಪ್ಪನ ತೋಟದ ಲೆಕ್ಕ, ಬಿಡುವಿನಲ್ಲಿ ಹಸೆ ಚಿತ್ತಾರ. ಅಜ್ಜಿ ಪುಂಡಿ ನಾರಿನ ಕುಂಚದಲ್ಲಿ ಗೋಡೆಗೆ ಬರೆದದ್ದನ್ನು ಇವಳು ಪರದೆಯ ಮೇಲೆ ಬರೆಯುತ್ತಾಳೆ. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗೆ ಬರುವಾಗ ಬೆಂಕಿಪೊಟ್ಟಣದಲ್ಲಿ ಚಿಟಿಕೆ ಕೆಮ್ಮಣ್ಣನ್ನೂ ತಂದಿದ್ದಳು.

“ಇದರಲ್ಲಿ ಬಣ್ಣ ಹೇಗೆ?” ಎಂದು ಕೇಳಿದೆ.

“ಬೆಳ್ಳಿ ಇದೆ, ಬೂದು ಇದೆ ಸರ್. ನೀಲಿ ಬೇಕಾದರೆ ಎರಡು ದಿನ ಕಾಯಬೇಕು.”

“ಪರದೆಯ ಬಣ್ಣ ಎಂದು ಕೇಳಬೇಕು ಮಾವ” ಎಂದು ಅವಳು ನನ್ನನ್ನೇ ತಿದ್ದಿ, ಮೊಬೈಲಿನಲ್ಲಿ ಹುಡುಕಿ ಓದಿದಳು: ಶೇ 45 ಎನ್‌ಟಿಎಸ್‌ಸಿ. ಎನ್‌ಟಿಎಸ್‌ಸಿ ಎಂದರೆ 1953ರಲ್ಲಿ ಅಮೆರಿಕದವರು ಬಣ್ಣದ ಟಿವಿಗೆಂದು ಮಾಡಿಕೊಂಡ ಅಳತೆ; ಅದರಲ್ಲಿ ಎಷ್ಟು ಪಾಲು ಬಣ್ಣವನ್ನು ಪರದೆ ತೋರಿಸುತ್ತದೆ ಎಂಬುದೇ ಈ ಶೇಕಡಾ ಲೆಕ್ಕ. ಚಿತ್ರ ಬರೆಯುವವರಿಗೆ ಕನಿಷ್ಠ ಶೇ 72 ಇರಬೇಕು. 45 ಎಂದರೆ ಕೆಮ್ಮಣ್ಣು ಹೋಗಿ ಮಳೆಯಲ್ಲಿ ನೆನೆದ ಹಳೆಯ ಹಂಚಾಗುತ್ತದೆ.

ನಮ್ಮ ಅಡಿಕೆ ಮಂಡಿಯನ್ನು ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು. ಹೆಸರು ಕೇಳಿದರೆ ಮಾಲು ಕಣ್ಣ ಮುಂದೆ ಬರುತ್ತದೆ. ಆದರೂ ಯಾರೂ ಹೆಸರನ್ನು ನಂಬುವುದಿಲ್ಲ. ಚೀಲಕ್ಕೆ ಕೈ ಹಾಕಿ, ಒಂದನ್ನು ಕತ್ತರಿಸಿ, ಮೂಸಿ, ಆಮೇಲೆ ಬೆಲೆ. ಪ್ರೊಸೆಸರ್ ಕತ್ತರಿಸಲು ಬರುವುದಿಲ್ಲವಲ್ಲ, ಹಾಗಾಗಿ ಹೆಸರಿನಲ್ಲೇ ಎಲ್ಲ ಆಟ. ಎಎಂಡಿ ಕಂಪನಿಯ ರೈಜೆನ್ 5 7520ಯು ಎಂಬ ಪ್ರೊಸೆಸರ್ ಬಂದದ್ದು 2022ರಲ್ಲಿ. ಮೊದಲ ಅಂಕಿ 7, ಹೊಚ್ಚ ಹೊಸದೆಂಬ ಠೀವಿ. ಒಳಗಿನ ವಿನ್ಯಾಸ ಜೆನ್ 2, 2019ರದ್ದು. ಮುಚ್ಚಿಟ್ಟಿಲ್ಲ, ಮೂರನೆಯ ಅಂಕಿಯಾದ 2ರಲ್ಲಿ ಬರೆದಿದೆ! ಮೂರು ವರ್ಷದ ಹಳೆಯ ಅಡಿಕೆಯನ್ನು ಹೊಸ ಚೀಲಕ್ಕೆ ತುಂಬಿ, ಕೊಯ್ಲಿನ ವರ್ಷವನ್ನು ಹೊಲಿಗೆಯ ಮೂರನೆಯ ಗಂಟಿನಲ್ಲಿ ಗುರುತು ಮಾಡಿದ ಹಾಗೆ. ಮಂಡಿಯಲ್ಲಿ ಇಂಥ ಪ್ರಾಮಾಣಿಕತೆ ತೋರಿಸಿದವನು ಪೇಟ ಸಮೇತ ಮನೆಗೆ ಹೋಗುವುದು ಕಷ್ಟ.

ರ‍್ಯಾಮ್ 8 ಜಿಬಿ. ಮುಂದೆ ಹೆಚ್ಚಿಸಬಹುದೇ? “ಬೋರ್ಡಿಗೇ ಬೆಸುಗೆ ಸರ್. ಆದರೆ ಬ್ಯಾಗ್ ಉಚಿತ.”

ಹುಡುಗನ ಮೇಲೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಟ್ಟದ್ದೇ ಅಷ್ಟು. ಆದರೆ ಭಾವ ಕೊಟ್ಟು ಕಳಿಸಿದ್ದು ಹೆಚ್ಚು ಕಡಿಮೆ ಒಂದು ಕ್ವಿಂಟಾಲ್ ರಾಶಿ ಅಡಿಕೆಯ ಹಣ. ಕೊಳೆ ರೋಗ ತಿಂದು ಬಿಟ್ಟ ತೋಟದ್ದು. ಆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ಕೂಲಿಯೇ ಇನ್ನೂ ಬಾಕಿ ಇದೆ. ಬುದ್ಧಿಯ ಬಗ್ಗೆ ಪುಟಗಟ್ಟಲೆ ಜಾಹೀರಾತು ಕೊಡುವವರಿಗೆ, ಈ ಪರದೆ ಇಷ್ಟೇ ಬಣ್ಣ ತೋರಿಸುತ್ತದೆ, ಈ ರ‍್ಯಾಮ್ ಇಷ್ಟೇ, ಮುಂದೆ ಬೆಳೆಯುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆಯಲು ಏನು ರೋಗ?

ಅವಳು ಬೆಂಕಿಪೊಟ್ಟಣ ತೆರೆದು, ತನ್ನ ಚಿತ್ತಾರವನ್ನು ಒಂದೊಂದೇ ಪರದೆಯಲ್ಲಿ ಹಾಕಿಸಿ ನೋಡಿದಳು. ಒಂದರಲ್ಲಿ ಇಟ್ಟಿಗೆ, ಒಂದರಲ್ಲಿ ಕುಂಬಳಕಾಯಿ. ಕೊನೆಗೆ ಆ ಕೆಂಪು ಸರಿಯಾಗಿ ಕಂಡದ್ದು ಅಂಗಡಿಯ ಹುಡುಗನ ಸ್ವಂತ ಮೊಬೈಲಿನಲ್ಲಿ.

“ಇದು ಮಾರಾಟಕ್ಕಿಲ್ಲ ಮೇಡಂ” ಎಂದು ಅವನು ಅದನ್ನು ಜೇಬಿಗೆ ಹಾಕಿಕೊಂಡ.